ಅರವತ್ತು ಪ್ರಶ್ನೆ, ಒಂದು ಜೀಪು

ಮೂರನೆಯ ಹಾಳೆ ನೋಡಿ ಮುಗಿಸುವ ಹೊತ್ತಿಗೆ ‘ಪ್ರಶ್ನೆ ಅಕ್ಕ’ ಎಂದೇ ಹೆಸರಾದ ಅಕ್ಕನಿಗೆ ತಾನು ಸ್ವರ್ಗದ ಹಾಜರಿ ಪುಸ್ತಕವನ್ನೇ ತೆರೆದು ಕೂತಿದ್ದೇನೇನೋ ಅನ್ನಿಸಿತು. ಅರವತ್ತು ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ‘ಬೇರೆಯವರ ಮಾತನ್ನು ಕೊನೆಯವರೆಗೂ ಕೇಳುತ್ತೇನೆ’ ಎಂಬುದಕ್ಕೆ ಮೂವರೂ ಐದು ಹಾಕಿಕೊಂಡಿದ್ದರು. ‘ನನ್ನ ಕೆಲಸ ಕೆಟ್ಟರೂ ಸಿಟ್ಟಾಗುವುದಿಲ್ಲ’ ಎಂಬುದಕ್ಕೂ ಐದು. ಇಂಥ ಮೂವರು ಒಂದೇ ಸೂರಿನಡಿ ಇರುವಾಗ ಆ ಮನೆಯಲ್ಲಿ ಜಗಳವಿದೆ ಎಂದು ಕೇಂದ್ರ ಕಚೇರಿಗೆ ಕಾಗದ ಹೋಗಿದ್ದಾದರೂ ಹೇಗೆ?

ನಾಲ್ಕನೆಯ ಹಾಳೆ ನರ್ಸಿನದು. ಅದನ್ನು ತೆರೆದವಳೇ ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಒಂದು, ಒಂದು, ಎರಡು, ಒಂದು. ಕೂಡಿದರೆ ಮುನ್ನೂರಕ್ಕೆ ತೊಂಬತ್ತನಾಲ್ಕು. ಉಳಿದ ಮೂವರೂ ಇನ್ನೂರ ತೊಂಬತ್ತರ ಆಸುಪಾಸು.

ಹನ್ನೊಂದು ವರ್ಷದಿಂದ ಅಕ್ಕನ ಕೆಲಸ ಇದೇ. ಮಿಷನ್ನಿನವರು ದೂರದ ಹಳ್ಳಿಗಳಿಗೆ ನಾಲ್ಕೈದು ಜನರ ತಂಡ ಕಳಿಸುತ್ತಾರೆ. ಒಬ್ಬರು ದೇವರ ವಾಕ್ಯ ಹೇಳುವುದಕ್ಕೆ, ಒಬ್ಬರು ಪಾಠ ಹೇಳುವುದಕ್ಕೆ, ಒಬ್ಬರು ಔಷಧಿಗೆ, ಒಬ್ಬರು ಕೊಳವೆ ಬಾವಿಗೆ. ದೇವರ ವಿಷಯದಲ್ಲಿ ನಾಲ್ವರದೂ ಒಂದೇ ಮನಸ್ಸು. ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕುವ ವಿಷಯದಲ್ಲಿ ಮಾತ್ರ ನಾಲ್ವರದೂ ನಾಲ್ಕು ದಾರಿ. ಅಲ್ಲಿಗೆ ಅಕ್ಕ ತನ್ನ ಹಾಳೆಗಳ ಕಟ್ಟು ಹಿಡಿದುಕೊಂಡು ಹೋಗುತ್ತಾಳೆ. ಯಾರು ಮುನ್ನುಗ್ಗುವವರು, ಯಾರು ಒಲಿಸುವವರು, ಯಾರು ತಾಳಿಕೊಳ್ಳುವವರು, ಯಾರು ಅಚ್ಚುಕಟ್ಟಿನವರು ಎಂದು ಹಾಳೆ ಹೇಳುತ್ತದೆ. ಇದರಲ್ಲಿ ಮೇಲು ಕೀಳು ಏನೂ ಇಲ್ಲ, ಯಾವ ಕೈಗೆ ಯಾವ ಕೆಲಸ ಕೊಡಬೇಕು ಅನ್ನುವುದಷ್ಟೇ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಮುಖ ನೋಡಿದರೆ ಯಾರು ನಕಲು ಹೊಡೆದಿದ್ದಾರೆಂದು ಹೇಳಬಲ್ಲವಳು. ತನ್ನ ಹಾಳೆಯ ಮೇಲೆ ಅವಳಿಗೆ ಬಂಡೆಯಂಥ ನಂಬಿಕೆ.

ಒಟ್ಟು ಅಂಕ ಕೂಡುವ ಪದ್ಧತಿ ಅವಳದಲ್ಲ, ಕಚೇರಿಯವರು ಆಮೇಲೆ ಸೇರಿಸಿದ್ದು. ಅದಕ್ಕೆ ಅವರು ಇಟ್ಟ ಹೆಸರು ಹೊಂದಾಣಿಕೆಯ ಅಂಕ. ಈ ತಂಡದಲ್ಲಿ ಹೊಂದಾಣಿಕೆ ಇಲ್ಲ, ಒಬ್ಬರನ್ನು ಎತ್ತಬೇಕು, ಯಾರನ್ನೆಂದು ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ ಎಂದು ಕಾರ್ಯದರ್ಶಿಗಳು ಹೇಳಿ ಕಳಿಸಿದ್ದರು. ಅವತ್ತು ಗುರುವಾರ. ಹಾಳೆ ತುಂಬಿಸಿದ ದಿನವೇ ಅಂಕ ತಿಳಿಸಬೇಕೆಂಬ ನಿಯಮವಿತ್ತು. ಅಕ್ಕ ಹಿಂದೆ ಮುಂದೆ ನೋಡದೆ ಫೋನು ಮಾಡಿ ನಾಲ್ಕೂ ಅಂಕಗಳನ್ನು ಓದಿಬಿಟ್ಟಳು.

“ಸರಿ ಹೋಯ್ತಲ್ಲ, ನರ್ಸಿಂದೇ ತೊಂದರೆ,” ಎಂದರು ಕಾರ್ಯದರ್ಶಿಗಳು. “ಆರ್ಡರ್ ಟೈಪ್ ಮಾಡಿಸ್ತೀನಿ. ಇಲ್ಲಿ ಔಷಧಿ ಗೋದಾಮಿಗೆ ಸೋಮವಾರದಿಂದ ಒಬ್ಬರು ಬೇಕಾಗಿತ್ತು.”

“ಸ್ವಲ್ಪ ತಡೀರಿ. ಶನಿವಾರದ ತನಕ ಟೈಮಿದೆ ಅಲ್ವಾ?”

“ಇದೆ. ಆದ್ರೆ ಅಂಕ ಬದಲಾಗುತ್ತಾ ಅಕ್ಕ?”

ಫೋನಿಟ್ಟ ಮೇಲೆ ಅಕ್ಕನಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು. ನರ್ಸು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷ ಹಳ್ಳಿ ಹಳ್ಳಿ ತಿರುಗಿದ ಹೆಂಗಸನ್ನು ಗೋದಾಮಿನ ಡಬ್ಬಿಗಳ ನಡುವೆ ಕೂರಿಸುವುದಕ್ಕೆ ತನ್ನ ಬಾಯಿಂದ ಬಿದ್ದ ಒಂದು ಸಂಖ್ಯೆ ಸಾಕಾಗಿತ್ತು.

ಮನೆಯೇನೋ ಚೆನ್ನಾಗಿತ್ತು. ಉದ್ದನೆಯ ಪಡಸಾಲೆ, ಎರಡೂ ಕಡೆ ಕೋಣೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ. ಮುಂಬಾಗಿಲ ಪಕ್ಕದ ಮೊಳೆಯಲ್ಲಿ ಜೀಪಿನ ಕೀಲಿ. ತಂಡದ ಹಿರಿಯರನ್ನು ಎಲ್ಲರೂ ಅಯ್ಯನವರೆಂದು ಕರೆಯುತ್ತಿದ್ದರು. ಸದಾ ನಗುಮುಖದ, ದುಂಡು ಮೈಯ ಪಾದ್ರಿ. ಅವರ ಹೆಂಡತಿ ಅಮ್ಮನವರು, ಶಾಲೆ ನಡೆಸುವವರು. ಬಾವಿ ಕೊರೆದು ಪಂಪು ಕೂರಿಸುವವನು ಮೇಸ್ತ್ರಿ. ಕೆಲಸದಲ್ಲಿ ಹುಲಿ, ಮಾತಿನಲ್ಲಿ ಮೂಗ. ನಾಲ್ಕನೆಯವಳು ನರ್ಸು, ಎಲ್ಲರ ಬಾಯಲ್ಲೂ ಸಿಸ್ಟರ್.

ಜಗಳವೆಲ್ಲಿದೆ ಎಂದು ಅಕ್ಕನಿಗೆ ಗೊತ್ತಾದದ್ದು ಆ ಸಂಜೆ ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ. ಎಲ್ಲರೂ ಕಣ್ಣು ಮುಚ್ಚಿದರು. ಮೊದಲು ಅಮ್ಮನವರು ಶುರು ಮಾಡಿದರು.

“ಕರ್ತನೇ, ಈ ಮನೆಯಲ್ಲಿ ಕೆಲವರ ನಾಲಿಗೆಗೆ ಒಂದಿಷ್ಟು ಜೇನು ಸವರು. ನಿನ್ನೆ ಚಹಾದ ಪಾತ್ರೆ ವಿಷಯದಲ್ಲಿ ಮನಸ್ಸು ನೋಯಿಸಿದವರನ್ನು ಕ್ಷಮಿಸು.”

ಮೇಸ್ತ್ರಿ ಮುಂದುವರಿಸಿದ. “ತಂದೆಯೇ, ಬೇರೆಯವರ ಸ್ಪ್ಯಾನರ್ ತಗೊಂಡವರಿಗೆ ಅದನ್ನ ತೊಳೆದು ಇಡೋ ಬುದ್ಧಿ ಕೊಡು.”

“ಕರ್ತನೇ, ಎಲ್ಲರನ್ನೂ ಆಶೀರ್ವದಿಸು, ಎಲ್ಲರ ಕೋರಿಕೆಯನ್ನೂ ಈಡೇರಿಸು,” ಎಂದರು ಅಯ್ಯನವರು.

ಅಕ್ಕ ಒಂದು ಕಣ್ಣು ತೆರೆದು ನೋಡಿದಳು. ಎದುರಿಗೆ ಕೂತು ಹೇಳಲಾರದ್ದನ್ನೆಲ್ಲ ಈ ಜನ ಮೇಲಿನವನ ಮೂಲಕ ಕಳಿಸುತ್ತಿದ್ದರು. ದೂರು ತಲುಪಬೇಕಾದವರಿಗೆ ತಲುಪುತ್ತಿತ್ತು, ಉತ್ತರ ಕೊಡುವ ಹಾಗಿರಲಿಲ್ಲ. ಪ್ರಾರ್ಥನೆಗೆ ಎದುರು ಮಾತಾಡುವುದುಂಟೇ? ಕೊನೆಗೆ ಉಳಿದವಳು ಸಿಸ್ಟರ್. ಅವಳು ಯಾರ ಸುದ್ದಿಗೂ ಹೋಗಲಿಲ್ಲ.

“ಇವತ್ತು ಬೆಳಿಗ್ಗೆ ಒಬ್ಬ ತಾಯಿಗೆ ಜೋರು ಮಾಡಿದೆ. ತಪ್ಪಾಯ್ತು, ದೇವರೇ.” ಅಷ್ಟೇ ಹೇಳಿ ತಟ್ಟೆಗೆ ಕೈ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಗಲಾಟೆ. ಜೀಪಿನ ಹಿಂದೆ ಮೇಸ್ತ್ರಿ ಕಬ್ಬಿಣದ ಪೈಪು ಏರಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಅಮ್ಮನವರು ಪುಸ್ತಕದ ಕಟ್ಟು ಪೇರಿಸುತ್ತಿದ್ದರು. ಇಬ್ಬರ ನಡುವೆ ಸಿಸ್ಟರ್ ಲಸಿಕೆಯ ಪೆಟ್ಟಿಗೆ ಎದೆಗೆ ಅವಚಿಕೊಂಡು ನಿಂತಿದ್ದಳು. ಮೂವರು ಹೋಗಬೇಕಾದದ್ದು ಮೂರು ಹಳ್ಳಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದಕ್ಕೆ ಅಲ್ಲಿ ಎರಡು ಪ್ರಾಣಿ ಸಾಲದಾಗಿತ್ತು.

“ಅಯ್ಯನವರು ನಂಗೆ ಆಯ್ತು ಅಂದಿದ್ದಾರೆ,” ಎಂದ ಮೇಸ್ತ್ರಿ.

“ನನಗೂ ಆಯ್ತು ಅಂದಿದ್ದಾರೆ,” ಎಂದರು ಅಮ್ಮನವರು.

ಅಯ್ಯನವರು ಅರ್ಧ ಗಡ್ಡ ಬೋಳಿಸಿಕೊಂಡ ಮುಖದಲ್ಲೇ ಹೊರಗೆ ಬಂದರು. ಮೂವರನ್ನೂ ನೋಡಿ ಪ್ರೀತಿಯಿಂದ ನಕ್ಕರು. “ಯಾಕೆ ಬೇಜಾರು? ಎಲ್ಲರೂ ಒಟ್ಟಿಗೆ ಹೋದ್ರಾಯ್ತು,” ಎಂದರು.

“ನಿಮ್ಮ ಆಯ್ತುಗೆ ಎಷ್ಟು ಚಕ್ರ ಇದೆ ಅಯ್ಯನವರೇ?” ಸಿಸ್ಟರ್ ದನಿ ಅಂಗಳ ದಾಟಿ ಬೀದಿಗೆ ಕೇಳಿಸಿತು. “ಜೀಪಿಗೆ ನಾಲ್ಕೇ ಇರೋದು. ಪೆಟ್ಟಿಗೇಲಿರೋ ಐಸು ಮೂರೇ ಗಂಟೆ ಇರುತ್ತೆ, ಪೈಪು ಎಲ್ಲಿಗೂ ಓಡಿ ಹೋಗಲ್ಲ. ಮೊದಲು ಲಸಿಕೆ. ಹೋಗ್ತಾ ದಾರೀಲಿ ಕೂಡುರಸ್ತೆ ಹತ್ರ ಮೇಸ್ತ್ರೀನ ಪೈಪಿನ ಜೊತೆ ಇಳಿಸೋದು. ವಾಪಸು ಬಂದ ಮೇಲೆ ಹನ್ನೊಂದಕ್ಕೆ ಪುಸ್ತಕ ತಗೊಂಡು ಹೋಗೋದು. ಅಮ್ಮನವರೇ, ಅಲ್ಲೀ ತನಕ ಇಲ್ಲಿನ ಮಕ್ಕಳಿಗೆ ಬಾಯಿ ಲೆಕ್ಕ ಮಾಡಿಸಿ. ಹತ್ತಿ, ಹತ್ತಿ.”

ಎಲ್ಲರೂ ಸಿಸ್ಟರ್ ಹೇಳಿದಂತೆಯೇ ಮಾಡಿದರು. ಎಲ್ಲರ ಕೆಲಸವೂ ಆಯಿತು. ಎಲ್ಲರೂ ಸಿಸ್ಟರ್ ಮೇಲೆಯೇ ಮುನಿಸಿಕೊಂಡರು. ಒಂದೇ ಜೀಪನ್ನು ಮೂವರಿಗೆ ಒಪ್ಪಿಸಿದ ಅಯ್ಯನವರ ಮೇಲೆ ಯಾರಿಗೂ ಸಿಟ್ಟಿಲ್ಲ, ಅವರು ನಕ್ಕಿದ್ದರಲ್ಲ! ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂದು ಸುಮ್ಮನೆ ಹೇಳುತ್ತಾರೆಯೇ?

ಜೀಪು ವಾಪಸು ಬಂದ ಮೇಲೆ ಅಕ್ಕ ಸಿಸ್ಟರ್‌ನ ಔಷಧಾಲಯಕ್ಕೆ ಹೋದಳು. ಒಂದೇ ಕೋಣೆ, ಒಂದು ಮಂಚ, ಗಾಜಿನ ಕಪಾಟು. ಎಲ್ಲೆಲ್ಲಿ ನೋಡಿದರೂ ಅಂಟಿಸಿದ ಚೀಟಿಗಳು, ಮುತ್ತು ಪೋಣಿಸಿದಂಥ ಅಕ್ಷರ. ‘ಈ ಬಾಗಿಲನ್ನು ಮೇಲಕ್ಕೆತ್ತಿ ಎಳೆಯಬೇಕು.’ ‘ಈ ತೂಕದ ಯಂತ್ರ ಕಾಲು ಕಿಲೋ ಜಾಸ್ತಿ ತೋರಿಸುತ್ತದೆ.’ ‘ಸೋಮವಾರ ಬರುವ ಅಜ್ಜಿಗೆ ಬಲಗಿವಿ ಕೇಳುವುದಿಲ್ಲ, ಎಡಕ್ಕೆ ಕೂತು ಮಾತಾಡಿ.’

“ಇದೆಲ್ಲ ಯಾರಿಗೆ?” ಎಂದು ಅಕ್ಕ ಕೇಳಿದಳು.

“ನನ್ನ ಜಾಗಕ್ಕೆ ಬರೋರಿಗೆ.” ಸಿಸ್ಟರ್ ಸಿರಿಂಜುಗಳನ್ನು ಎಣಿಸುತ್ತಲೇ ಇದ್ದಳು. “ನಾನೇನು ಚಿಕ್ಕ ಮಗುವಾ ಅಕ್ಕ? ನೀವು ಬಂದಿದ್ದು ಯಾಕೆ ಅಂತ ಗೊತ್ತು.”

“ಗೊತ್ತಿದ್ದೂ ಎಲ್ಲದಕ್ಕೂ ಒಂದು ಹಾಕಿದ್ರಾ? ತಾಳ್ಮೆಗೂ ಒಂದು?”

“ಬಂದ ಎರಡನೇ ವರ್ಷ ಒಬ್ಬಳು ಮಗೂನ ತಡವಾಗಿ ಕರ್ಕೊಂಡು ಬಂದ್ಲು. ಬಾಗಿಲಲ್ಲೇ ನಿಲ್ಲಿಸಿ ಬೈದುಬಿಟ್ಟೆ. ಮಗು ಉಳೀತು, ಅವಳು ಮಾತ್ರ ಆಮೇಲೆ ಈ ಕಡೆ ಬರ್ಲೇ ಇಲ್ಲ.” ಸಿಸ್ಟರ್ ತಲೆಯೆತ್ತಿದಳು. “ಪ್ರಶ್ನೆ ಓದಿದ ತಕ್ಷಣ ಅವಳ ಮುಖ ಕಣ್ಮುಂದೆ ಬಂತು. ಐದು ಹೇಗೆ ಹಾಕ್ಲಿ?”

“ಹದಿನೇಳು ವರ್ಷದ ಹಿಂದಿನ ಮಾತು ಅದು!”

“ಬೈದಿದ್ದು ಬೈದಿದ್ದೇ ಅಲ್ವಾ?”

ಸೋಮವಾರ ಕಚೇರಿಯ ಗೋದಾಮಿಗೆ ಹೋಗಬೇಕಾಗಬಹುದು, ಹೋಗುವುದಕ್ಕೆ ಮನಸ್ಸಿದೆಯೇ ಎಂದು ಅಕ್ಕ ಕೇಳಿದಳು. ಸಿಸ್ಟರ್ ಎಣಿಕೆ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದಳು. “ಇಲ್ಲ,” ಎಂದಳು. “ಒಂದು ಚೂರೂ ಇಲ್ಲ. ಆದ್ರೆ ಮೂರು ಜನ ನನ್ನಿಂದ ನೋಯ್ತಿದ್ದಾರೆ ಅಂದ್ರೆ ಕುರ್ಚಿಗೆ ಅಂಟ್ಕೊಂಡು ಕೂರೋಳು ನಾನಲ್ಲ.”

ಅಕ್ಕ ಅಂಗಳಕ್ಕೆ ಬಂದು ಮನೆಗೆ ಫೋನು ಮಾಡಿದಳು. ಅವಳ ಗಂಡ ಟೈಲರ್. ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ಹೆಂಡತಿಯ ಗೋಳೆಲ್ಲ ಕೇಳಿಸಿಕೊಂಡ. ಮೂವರು ತಾವು ಹೇಗಿರಬೇಕೆಂದು ದಿನಾ ಬೇಡಿಕೊಳ್ಳುತ್ತಾರೋ ಹಾಗೆ ಹಾಳೆ ತುಂಬಿದ್ದಾರೆ. ಒಬ್ಬಳು ಪಾಪ ಒಪ್ಪಿಕೊಳ್ಳುವ ಹಾಗೆ ತುಂಬಿದ್ದಾಳೆ. ನಿಜ ಹೇಳಿದವರು ಒಬ್ಬರೂ ಇಲ್ಲ, ಸುಳ್ಳು ಹೇಳಿದವರೂ ಇಲ್ಲ ಎಂದಳು.

ಯಂತ್ರ ನಿಂತಿತು. “ನೋಡೇ, ನನ್ನ ಅಂಗಡಿಗೆ ಬರೋರು ತಮ್ಮ ಅಳತೆ ತಾವೇ ತಗೊಂಡು ಬಂದ್ರೆ ನಾನು ಬಟ್ಟೆಗೆ ಕತ್ತರಿ ಹಾಕಲ್ಲ,” ಎಂದ. “ಹೊಟ್ಟೆ ಒಳಗೆ ಎಳ್ಕೊಂಡು ಟೇಪ್ ಹಿಡಿದಿರ್ತಾರೆ. ಬೆನ್ನಿನ ಅಳತೆ ಅಂತೂ ಬಿಡು, ತನ್ನ ಬೆನ್ನು ತನಗೆ ಕಾಣಲ್ಲ. ಟೇಪ್ ಇನ್ನೊಬ್ಬರ ಕೈಯಲ್ಲಿರಬೇಕು. ನೀನೂ ಅಷ್ಟೇ. ನಿನ್ನ ಹಾಳೆ ನೀನೇ ತುಂಬಿದಾಗ ದೇವತೆ ಥರ ಕಂಡೆ. ನನ್ನ ಕೈಗೆ ಕೊಡು, ಗೊತ್ತಾಗುತ್ತೆ.”

“ರೀ, ನೀವು ಟೈಲರ್ ಆಗಿದ್ದೇ ತಪ್ಪು,” ಎಂದು ಅಕ್ಕ ಫೋನಿಟ್ಟಳು. ಅವಳ ಎದೆ ಹಗುರಾಗಿತ್ತು. ಹನ್ನೊಂದು ವರ್ಷ ತನಗೆ ಹೊಳೆಯದ್ದು ಕತ್ತರಿ ಹಿಡಿದವನಿಗೆ ಹೊಳೆಯಿತಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತು.

ಸಂಜೆ ನಾಲ್ಕಕ್ಕೆ ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿ ಹೊಸ ಹಾಳೆಗಳನ್ನು ಹಂಚಿದಳು. ಮೇಲೆ ‘ನಿಮ್ಮ ಬಗ್ಗೆ’ ಎಂದು ಅಚ್ಚಾಗಿದ್ದನ್ನು ಕೆಂಪು ಪೆನ್ನಿನಿಂದ ಹೊಡೆದು ‘ನಿಮ್ಮ ಜೊತೆ ಊಟ ಮಾಡುವವರ ಬಗ್ಗೆ’ ಎಂದು ಬರೆದಿದ್ದಳು. ಒಬ್ಬೊಬ್ಬರೂ ಉಳಿದ ಮೂವರ ಹಾಳೆ ತುಂಬಬೇಕು. ಮೇಸ್ತ್ರಿ ಕುರ್ಚಿಯಿಂದ ಎದ್ದೇಬಿಟ್ಟ.

“ಇದು ಚಾಡಿ ಹೇಳಿದ ಹಾಗಾಗಲ್ವಾ ಅಕ್ಕ?”

“ದಿನಾ ಊಟಕ್ಕೆ ಮುಂಚೆ ಕಣ್ಮುಚ್ಚಿ ಹೇಳ್ತೀರಲ್ಲ, ಅದನ್ನೇ ಕಣ್ಬಿಟ್ಟು ಬರೀರಿ,” ಎಂದಳು ಅಕ್ಕ. ಮೇಜಿನ ಸುತ್ತ ನಾಲ್ಕು ಮುಖ ಕೆಂಪಾದವು. ಮೇಸ್ತ್ರಿ ಮತ್ತೆ ಕೂತ. ಆಮೇಲೆ ಎರಡು ಗಂಟೆ ನಾಲ್ಕೂ ಪೆನ್ನುಗಳು ಹಾಳೆಯ ಮೇಲೆ ಓಡಿದವು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕ ಗೋಡೆಗೆ ದೊಡ್ಡ ಕಾಗದ ಅಂಟಿಸಿ ನಿಂತಾಗ ಅವಳ ಹಳೆಯ ಶಾಲೆಯ ಗತ್ತೆಲ್ಲ ವಾಪಸು ಬಂದಿತ್ತು. ಈಗ ನಾಲ್ಕು ಜನ ನಾಲ್ಕು ಥರ ಕಾಣುತ್ತಿದ್ದರು. ಮೇಸ್ತ್ರಿ ತಾಳಿಕೊಳ್ಳುವವನು. ಅಮ್ಮನವರು ಮುನ್ನುಗ್ಗುವವರು. ಸಿಸ್ಟರ್ ಅಚ್ಚುಕಟ್ಟಿನವಳು.

“ಸಿಸ್ಟರ್ ಬಗ್ಗೆ ಮೂವರೂ ಒಂದೇ ಥರ ಬರೆದಿದ್ದೀರಿ. ಮಾತು ಒರಟು, ತಾಳ್ಮೆ ಅರ್ಧ. ಸಿಸ್ಟರ್, ಅದು ನಿಜ, ತಿದ್ಕೋಬೇಕು. ಆದ್ರೆ ‘ಯೋಜನೆ ತಪ್ಪಿದಾಗ ಸರಿ ಮಾಡುವವರು’ ಅನ್ನೋ ಪ್ರಶ್ನೆಗೆ ಮೂವರೂ ಅವರಿಗೇ ಐದು ಕೊಟ್ಟಿದ್ದೀರಿ. ಈಗ ಅಯ್ಯನವರು.” ಅಕ್ಕ ಅವರತ್ತ ತಿರುಗಿದಳು. “ನೀವು ಒಲಿಸುವವರು. ಮನೆ ಮನೆಗೆ ಹೋಗಿ ಮುರಿದ ಮನಸ್ಸು ಕೂಡಿಸೋದ್ರಲ್ಲಿ ನಿಮ್ಮನ್ನ ಬಿಟ್ರಿಲ್ಲ. ಆದ್ರೆ ಇಪ್ಪತ್ತೆರಡನೇ ಪ್ರಶ್ನೆ, ‘ಆಗದ ಕೆಲಸಕ್ಕೆ ಇಲ್ಲ ಎನ್ನುತ್ತಾರೆ’. ಮೂವರೂ ಒಂದು ಕೊಟ್ಟಿದ್ದಾರೆ. ನಿಮ್ಮ ಮನೆಯವರು ಒಂದರ ಪಕ್ಕ ಸೊನ್ನೆನೂ ಬರೆದು ಹೊಡೆದುಹಾಕಿದ್ದಾರೆ.”

“ಮದುವೆಗೂ ಆಯ್ತು ಅಂದ್ರು ಅಷ್ಟೇ,” ಎಂದರು ಅಮ್ಮನವರು. “ಇಷ್ಟ ಇತ್ತೋ ಇಲ್ವೋ ಇವತ್ತಿಗೂ ಗೊತ್ತಾಗಿಲ್ಲ.”

ಮೇಸ್ತ್ರಿ ಪಕಪಕ ನಕ್ಕ. ಸಿಸ್ಟರ್ ಕೂಡ ನಕ್ಕಳು. ಅಯ್ಯನವರು ಮಾತ್ರ ನಗಲಿಲ್ಲ. ಅವರ ನಗುಮುಖ ಬಾಡಿದ್ದನ್ನು ಆ ಮನೆಯವರು ನೋಡಿದ್ದು ಅದೇ ಮೊದಲಿರಬೇಕು.

“ಕಚೇರಿಗೆ ಕಾಗದ ಬರೆದವನು ನಾನೇ,” ಎಂದರು.

ಮೇಸ್ತ್ರಿಯ ನಗು ಅರ್ಧಕ್ಕೇ ನಿಂತಿತು.

“ಮೇಸ್ತ್ರಿ ಒಂದಿನ ಬಂದು, ಸಿಸ್ಟರ್ ಇದ್ರೆ ನಾನಿರಲ್ಲ, ಕಚೇರಿಗೆ ತಿಳಿಸಿ ಅಂದ. ಆಯ್ತು ಅಂದೆ. ಅದೇ ವಾರ ನಮ್ಮನೆಯವಳೂ ಅದೇ ಅಂದ್ಲು. ಅದಕ್ಕೂ ಆಯ್ತು ಅಂದೆ. ಬರೆದೆ.” ಅವರು ಸಿಸ್ಟರ್ ಕಡೆ ನೋಡಲಾರದೆ ಮೇಜು ನೋಡಿದರು. “ಆಮೇಲೆ ನೀವು ಬಂದು, ನಾನು ಇಲ್ಲೇ ಇರಬಹುದಾ ಅಂತ ಕೇಳಿದ್ರಿ.”

“ಆಯ್ತು ಅಂದ್ರಿ,” ಎಂದಳು ಸಿಸ್ಟರ್.

“ನಾನು ಅವತ್ತು ಸಿಟ್ಟಲ್ಲಿ ಅಂದಿದ್ದು!” ಮೇಸ್ತ್ರಿ ಮೇಜು ಗುದ್ದಿದ. “ಸಂಜೆಗೆ ಇಳಿದುಹೋಗಿತ್ತು. ಬೇಡ ಕಣೋ ಅಂತ ಒಂದು ಮಾತು ನೀವು ಅಂದಿದ್ರೆ ಅಲ್ಲಿಗೇ ಮುಗೀತಿತ್ತು.”

“ನಂದೂ ಅಷ್ಟೇ,” ಎಂದ ಅಮ್ಮನವರ ದನಿ ಸಣ್ಣಗಾಗಿತ್ತು.

ಅಯ್ಯನವರು ಎದ್ದು ಮುಂಬಾಗಿಲಿಗೆ ಹೋದರು. ಮೊಳೆಯಿಂದ ಜೀಪಿನ ಕೀಲಿ ತೆಗೆದು ತಂದು ಸಿಸ್ಟರ್ ಮುಂದಿಟ್ಟರು. “ಇನ್ನು ಮೇಲೆ ಜೀಪು ಯಾರಿಗೆ ಯಾವಾಗ ಅಂತ ನೀವೇ ಹೇಳಿ. ನನ್ನ ಕೇಳೋಕೆ ಬಂದವರನ್ನ ನಿಮ್ಮ ಹತ್ರ ಕಳಿಸ್ತೀನಿ.”

“ಕೀಲಿ ಏನು ಮಾಡ್ಲಿ? ನಾನು ಸೋಮವಾರ ಗೋದಾಮಲ್ಲಿರ್ತೀನಿ,” ಎಂದಳು ಸಿಸ್ಟರ್. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ಎಲ್ಲರಿಗೂ ನಾಟಿತು.

ಹನ್ನೊಂದೂವರೆಗೆ ಅಕ್ಕ ಕಚೇರಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಮೊದಲ ಹಾಳೆಗಳು ರದ್ದು, ತಂಡದಲ್ಲಿ ಯಾರನ್ನೂ ಎತ್ತಬೇಕಾಗಿಲ್ಲ, ಕೆಲಸ ಅದಲು ಬದಲು ಮಾಡಿದರೆ ಸಾಕು ಎಂದು ಒಂದೇ ಉಸಿರಿಗೆ ಹೇಳಿದಳು. ಅಂಕ ಓದುವಾಗ ತಾನು ಆತುರಪಟ್ಟಿದ್ದು ತಪ್ಪೆಂದೂ ಹೇಳಿದಳು.

“ನೀವು ಹೇಳೋದು ಸರಿ ಇರಬಹುದು ಅಕ್ಕ,” ಎಂದರು ಕಾರ್ಯದರ್ಶಿಗಳು. “ಆದ್ರೆ ಕೋರಿಕೆ ಬಂದಿರೋದು ತಂಡದ ಹಿರಿಯರಿಂದ. ಅವರೇ ಹೇಳಲಿ.”

ಅಕ್ಕ ಫೋನನ್ನು ಅಯ್ಯನವರ ಮುಂದಕ್ಕೆ ಸರಿಸಿದಳು. ಅವಳ ಕೈಲಿ ಇನ್ನೇನೂ ಉಳಿದಿರಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟೇ ಬದುಕಿದ ಮನುಷ್ಯ ಈಗ ಏನು ಹೇಳುತ್ತಾರೋ ಅದೇ ಆಗುವುದಿತ್ತು.

“ನಮಸ್ಕಾರ ಅಯ್ಯನವರೇ. ಚೆನ್ನಾಗಿದ್ದೀರಾ? ನೋಡಿ, ಆರ್ಡರ್ ಟೈಪ್ ಆಗಿದೆ. ಹೊಸ ನರ್ಸು ಸಿಕ್ಕಿದ್ದಾರೆ, ಒಳ್ಳೆ ಮೆದು ಮಾತಿನವರು. ನಿಮಗೂ ನೆಮ್ಮದಿ, ನಮಗೂ ಕೆಲಸ ಮುಗೀತು. ಸೋಮವಾರ ಕಳಿಸಿಬಿಡ್ಲಾ?”

ಅಯ್ಯನವರ ಬಾಯಿ ತೆರೆಯಿತು. ಅಮ್ಮನವರು ಗಂಡನ ತೋಳು ಹಿಡಿದರು. ಆ ತುಟಿಗಳು ನಲವತ್ತು ವರ್ಷದಿಂದ ಪಳಗಿದ ಮಾತಿಗೆ ತಾವಾಗಿಯೇ ಸಜ್ಜಾಗುತ್ತಿದ್ದುದನ್ನು ಅಕ್ಕ ಕಂಡಳು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಸಿಸ್ಟರ್ ಕೀಲಿಯನ್ನು ನೋಡುತ್ತ ಕೂತಿದ್ದಳು.

“ಇಲ್ಲ,” ಎಂದರು ಅಯ್ಯನವರು.

“ಏನಂದ್ರಿ? ಲೈನು ಸರಿ ಇಲ್ಲ ಅನ್ಸುತ್ತೆ.”

“ಲೈನು ಸರಿಯಾಗೇ ಇದೆ. ಇಲ್ಲ ಅಂದೆ. ನಮ್ಮ ಸಿಸ್ಟರ್ ಎಲ್ಲಿಗೂ ಬರಲ್ಲ. ಕಾಗದ ಬರೆದದ್ದು ನನ್ನ ತಪ್ಪು, ಅದನ್ನ ಹರಿದು ಹಾಕಿ.” ಅವರ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂದಿತ್ತು. ಆದರೂ ದನಿ ಗಟ್ಟಿಯಾಗಿತ್ತು.

“ನೀವು ಇಲ್ಲ ಅಂದಿದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು ಅಯ್ಯನವರೇ,” ಎಂದರು ಕಾರ್ಯದರ್ಶಿಗಳು. “ಹಾಗಾದ್ರೆ ವಿಷಯ ದೊಡ್ಡದೇ ಇರಬೇಕು. ಬಿಡಿ, ಹರಿದು ಹಾಕ್ತೀನಿ.”

ಫೋನು ನಿಂತ ಮೇಲೆ ಅಮ್ಮನವರು ಅಳುತ್ತಲೂ ನಗುತ್ತಲೂ ಇದ್ದರು. ಸಿಸ್ಟರ್ ಕೀಲಿ ತೆಗೆದುಕೊಂಡು ಎದ್ದು ಹೋದಳು. ಅಕ್ಕ ಹಿಂದೆಯೇ ಹೋಗಿ ನೋಡಿದರೆ ಔಷಧಾಲಯದಲ್ಲಿ ಅವಳು ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ಕಪಾಟಿನ ಬಾಗಿಲ ಮೇಲಿನ ‘ಮೇಲಕ್ಕೆತ್ತಿ ಎಳೆಯಬೇಕು’ ಚೀಟಿ ಮಾತ್ರ ಉಗುರಿನಿಂದ ಎಷ್ಟು ಕೆರೆದರೂ ಬರಲೊಲ್ಲದು.

“ಹೋಗೋದು ಖಾತ್ರಿ ಅಂತ ಅಂಟು ಜಾಸ್ತಿ ಹಾಕಿಬಿಟ್ಟಿದ್ದೆ ಅಕ್ಕ,” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಮೇಸ್ತ್ರಿ ಬಂದು ನಿಂತ. ಕೈಯಲ್ಲಿ ಸ್ಕ್ರೂಡ್ರೈವರು, ಜೇಬಿನಲ್ಲಿ ಬಾಗಿಲಿಗೆ ಹಾಕುವ ಎರಡು ಹೊಸ ಕೀಲು.

“ಅದನ್ನ ಕೀಳೋದು ಬೇಡ ಬಿಡಿ,” ಎಂದ ಎತ್ತಲೋ ನೋಡುತ್ತ. “ಬಾಗಿಲೇ ಸರಿ ಮಾಡ್ತೀನಿ.”

“ನಾಲ್ಕು ವರ್ಷದಿಂದ ಹೇಳ್ತಿದ್ದೀನಿ ನಿಮಗೆ!” ಎಂದು ಸಿಸ್ಟರ್ ದನಿ ಎತ್ತಿದಳು. ಎತ್ತಿದವಳು ಅಕ್ಕನ ಮುಖ ನೋಡಿ, ಉಸಿರೆಳೆದುಕೊಂಡು, ಮೇಸ್ತ್ರಿ ಕೂರುವುದಕ್ಕೆ ಸ್ಟೂಲು ಎಳೆದು ಕೊಟ್ಟಳು.